ಅಮ್ಮನ ಕಣ್ಣಿಗೆ ಆಂಜಿಯೋಗ್ರಾಮ್

ಅಮ್ಮನ ಕಣ್ಣಿನ ಪ್ರೆಶರ್ 14. ಸಾಮಾನ್ಯವಾಗಿ 10ರಿಂದ 21ರ ಒಳಗಿದ್ದರೆ ನಾರ್ಮಲ್. ಆದರೂ ಶಿವಮೊಗ್ಗದಲ್ಲಿ ಕನ್ನಡಕ ಬದಲಿಸಲು ಹೋದಾಗ, ಎಡಗಣ್ಣಿನ ನರ ಸವೆದ ಹಾಗಿದೆ, ಗ್ಲಾಕೋಮಾ ಇರಬಹುದು, ಬೆಂಗಳೂರಿನಲ್ಲಿ ತೋರಿಸಿ ಅಂದರು. ಗ್ಲಾಕೋಮಾ ಅಂದರೆ ಪ್ರೆಶರ್ ಕಾಯಿಲೆ ಅಂತ ತಾನೇ ನಾವು ಕೇಳಿರುವುದು? ಪ್ರೆಶರೇ ಇಲ್ಲದೆ ಅದು ಹೇಗೆ ಬಂತು ಅನ್ನುವುದೇ ರೈಲಿನಲ್ಲಿ ನಮ್ಮ ಮಾತು.

ಬೆಂಗಳೂರಿನ ಡಾಕ್ಟರ್ ಆ 14ನ್ನು ಸುಮ್ನೆ ನಂಬಲಿಲ್ಲ. ಪ್ರೆಶರ್ ದಿನದಲ್ಲಿ ಏರಿಳಿಯುತ್ತದೆ ಅಂತ ಬೇರೆ ಬೇರೆ ಹೊತ್ತಿನಲ್ಲಿ ನೋಡಿದರು. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ತೆಳುವಾಗಿದ್ದರೆ ಯಂತ್ರ ಕಡಿಮೆ ತೋರಿಸುತ್ತದೆ ಅಂತ ಅದನ್ನೂ ಅಳೆದರು. ಎಲ್ಲ ಸರಿ ಇತ್ತು. ಆದರೆ ಸುತ್ತಲೂ ಎಷ್ಟು ಕಾಣುತ್ತದೆ ಅಂತ ನೋಡುವ ಫೀಲ್ಡ್ ಟೆಸ್ಟಿನಲ್ಲಿ ಎಡಗಣ್ಣಿನ ಮೇಲ್ಭಾಗದ ನೋಟ ಮಂಕಾಗಿತ್ತು. ಪ್ರೆಶರ್ ನಾರ್ಮಲ್ ಇದ್ದೂ ಗ್ಲಾಕೋಮಾ ಬರುವುದು ಅಪರೂಪವೇನಲ್ಲವಂತೆ. ಜಪಾನಿನ ತಾಜಿಮಿ ಊರಿನಲ್ಲಿ 2000ದ ಆಸುಪಾಸಿನಲ್ಲಿ ಸಮೀಕ್ಷೆ ಮಾಡಿದಾಗ, ಅಲ್ಲಿ ಹೆಚ್ಚಾಗಿ ಕಾಣುವ ಬಗೆಯ ಗ್ಲಾಕೋಮಾ ಇದ್ದವರಲ್ಲಿ ಶೇಕಡಾ 92 ಮಂದಿಯ ಪ್ರೆಶರ್ 21 ದಾಟಿರಲಿಲ್ಲ.

"ನರಕ್ಕೆ ರಕ್ತ ಹೇಗೆ ಹೋಗ್ತಿದೆ ನೋಡೋಣ. ಒಂದು ಆಂಜಿಯೋಗ್ರಾಮ್ ಮಾಡಿಸಿ," ಅಂದರು ಡಾಕ್ಟರ್.

ಅಮ್ಮನ ಮುಖ ಬಿಳಿಚಿಕೊಂಡಿತು. ಪಕ್ಕದ ಮನೆಯವರಿಗೆ ಕೈಯಿಂದ ಹಾರ್ಟಿಗೆ ತಂತಿ ತೂರಿಸಿದ್ದನ್ನು ಕೇಳಿದ್ದಳು. "ಏನೇ, ಕಣ್ಣಿಗೂ ತಂತಿ ಹಾಕ್ತಾರಾ?" ನನಗೆ ನೆನಪಾಗಿದ್ದು ದೊಡ್ಡಪ್ಪ. ಅವರಿಗೆ ಹಿಂದೊಮ್ಮೆ ತೋಳಿಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಕಣ್ಣಿನ ಫೋಟೋ ತೆಗೆದಿದ್ದರು. ವಾಂತಿ ಬಂದ ಹಾಗಾಗಿ, ಮೈಯೆಲ್ಲ ಹಳದಿಯಾಗಿ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಅವರು ಹೆದರಿದ್ದು ಮನೆಯಲ್ಲಿ ಇಂದಿಗೂ ಕಥೆ.

ಟೆಸ್ಟ್ ಮಾಡುವ ಹುಡುಗಿ ನಕ್ಕಳು. "ಸೂಜಿ, ತಂತಿ ಏನೂ ಇಲ್ಲ ಅಮ್ಮಾ. ಬರೀ ಬೆಳಕು. ಗಲ್ಲ ಇಲ್ಲಿಡಿ, ಆ ಗುರುತನ್ನೇ ನೋಡ್ತಿರಿ, ರೆಪ್ಪೆ ಬಡೀಬೇಡಿ."

ರೆಪ್ಪೆ ಬಡಿಯದೇ ಇರುವುದು ಅಮ್ಮನಿಂದಾಗದ ಕೆಲಸ. ಮೊದಲ ಚಿತ್ರದಲ್ಲಿ ಅಡ್ಡಡ್ಡ ಗೆರೆಗಳು ಬಂದವು. ಒಣಗಿದ ಕಣ್ಣಿಗೆ ಒಂದು ಹನಿ ಹಾಕಿ ಮತ್ತೆ ತೆಗೆದರು. ಆ ಬಿಡುವಿನಲ್ಲಿ, ಬಣ್ಣ ಹಾಕದೆ ರಕ್ತ ಹೇಗೆ ಕಾಣುತ್ತದೆ ಅಂತ ಹುಡುಗಿಯನ್ನು ಕೇಳಿದೆ. ಅವಳು ಚೆನ್ನಾಗಿ ಹೇಳಿದಳು. ಒಂದೇ ರಸ್ತೆಯ ಫೋಟೋವನ್ನು ಕ್ಷಣ ಬಿಟ್ಟು ಎರಡು ಸಲ ತೆಗೆದರೆ, ನಿಂತ ಕಾರು ಎರಡರಲ್ಲೂ ಒಂದೇ ಕಡೆ ಇರುತ್ತದೆ, ಓಡುವ ಆಟೋ ಜಾಗ ಬದಲಿಸಿರುತ್ತದೆ. ಇಲ್ಲೂ ಒಂದೇ ಜಾಗವನ್ನು ಬೆಳಕಿನಿಂದ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಬದಲಾದದ್ದು ಅಂದರೆ ಹರಿಯುತ್ತಿರುವ ರಕ್ತಕಣ. ಅದಷ್ಟನ್ನೇ ಉಳಿಸಿಕೊಂಡರೆ ರಕ್ತನಾಳಗಳ ನಕ್ಷೆ ಸಿಗುತ್ತದೆ. ಇದರ ಹಿಂದಿರುವ, ಬೆಳಕಿನಿಂದ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಓಸಿಟಿ ಅನ್ನುವ ತಂತ್ರವನ್ನು 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಜಗತ್ತಿಗೆ ತೋರಿಸಿತ್ತು ಅಂತ ಆಮೇಲೆ ಓದಿದೆ.

ಪರದೆಯ ಮೇಲೆ ಬಂದ ಚಿತ್ರ ಮಾತ್ರ ಚೆಂದವಿತ್ತು. ಕಪ್ಪು ಹಿನ್ನೆಲೆ, ನಡುವೆ ನರದ ಬಿಲ್ಲೆ, ಸುತ್ತಲೂ ಕೂದಲೆಳೆಯಂಥ ಬಿಳಿ ನಾಳಗಳು. ಕೆಳಗೊಂದು ಕಡೆ ಮಾತ್ರ ಅವು ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ನೋಟ ಮಂಕಾಗಿದ್ದು ಮೇಲೆ, ನಾಳ ಕಡಿಮೆಯಾದದ್ದು ಕೆಳಗೆ. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದಲ್ವಾ, ಹಾಗಾಗಿ ಎರಡೂ ತಾಳೆಯಾಗುತ್ತವೆ.

"ಹಾಗಾದ್ರೆ ರಕ್ತ ಸಾಲದೆ ನರ ಸತ್ತಿತಾ ಡಾಕ್ಟರೇ?"

"ಹಾಗನ್ನೋಕಾಗಲ್ಲ. ನರ ಸತ್ತ ಜಾಗಕ್ಕೆ ರಕ್ತ ಕಡಿಮೆ ಸಾಕು ಅಂತ ನಾಳಗಳೂ ಕ್ಷೀಣಿಸಿರಬಹುದು. ಯಾವುದು ಮೊದಲು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಮತ್ತೆ, ರಕ್ತ ತೀರಾ ನಿಧಾನ ಹರಿದರೂ ಇದರಲ್ಲಿ ಕಪ್ಪಾಗೇ ಕಾಣುತ್ತೆ."

ಅವರ ಈ ನೇರ ಮಾತು ನನಗೆ ಹಿಡಿಸಿತು. ಯಂತ್ರ ತೋರಿಸಿದ್ದೇ ಸತ್ಯ ಅಂತ ಷರಾ ಬರೆಯುವವರೇ ಜಾಸ್ತಿ. ಇವರು ಚಿತ್ರವನ್ನು ಪಕ್ಕಕ್ಕಿಟ್ಟು ಅಮ್ಮನ ಮಾತ್ರೆಗಳ ಬಗ್ಗೆ ವಿಚಾರಿಸಿದರು. ಬಿಪಿ ಮಾತ್ರೆ ಯಾವಾಗ ತಗೋತೀರಿ? ರಾತ್ರಿ ಮಲಗುವಾಗ. ಬೆಳಗ್ಗೆ ಎದ್ದಾಗ ತಲೆ ತಿರುಗುತ್ತಾ? ಅಮ್ಮ ನನ್ನ ಕಡೆ ನೋಡಿ, "ಒಂದೊಂದು ದಿನ" ಅಂದಳು. ನನಗೆ ಅದು ಹೊಸ ಸುದ್ದಿ.

ನಿದ್ದೆಯಲ್ಲಿ ಎಲ್ಲರ ಬಿಪಿಯೂ ಸ್ವಲ್ಪ ಇಳಿಯುತ್ತದೆ. ಅದರ ಮೇಲೆ ಮಾತ್ರೆಯೂ ಸೇರಿ ಜಾಸ್ತಿ ಇಳಿದರೆ ಕಣ್ಣಿನ ನರಕ್ಕೆ ರಕ್ತ ತಲುಪುವುದು ಕಷ್ಟವಾಗಬಹುದು. 24 ಗಂಟೆ ಬಿಪಿ ನೋಡುವ ಪಟ್ಟಿ ಕಟ್ಟಿಸಿದೆವು. ಅದು ರಾತ್ರಿಯಿಡೀ ಆಗಾಗ ಗಾಳಿ ತುಂಬಿಕೊಂಡು ತೋಳು ಹಿಂಡಿ ಅಮ್ಮನನ್ನು ಎಬ್ಬಿಸಿತು. ವರದಿಯಲ್ಲಿ ನಡುರಾತ್ರಿಯ ಅಂಕಿಗಳು ತಳ ಹಿಡಿದಿದ್ದವು. ಫಿಸಿಷಿಯನ್ ನೋಡಿ ಮಾತ್ರೆಯನ್ನು ಬೆಳಗ್ಗೆಗೆ ಬದಲಿಸಿದರು. ನಾವಾಗಿಯೇ ಬದಲಿಸಬಾರದು ಅಂತ ಕಣ್ಣಿನ ಡಾಕ್ಟರ್ ಮೊದಲೇ ಎಚ್ಚರಿಸಿದ್ದರು.

ಜೊತೆಗೆ ರಾತ್ರಿ ಕಣ್ಣಿಗೆ ಒಂದು ಹನಿ ಔಷಧಿ. 14 ನಾರ್ಮಲ್ ಅಲ್ವಾ, ಮತ್ತೇಕೆ ಅಂದರೆ, ಈ ಬಗೆಯ ಗ್ಲಾಕೋಮಾದಲ್ಲೂ ಪ್ರೆಶರನ್ನು ಶೇಕಡಾ 30ರಷ್ಟು ಇಳಿಸಿದರೆ ಹಾನಿ ನಿಧಾನವಾಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಅದನ್ನೂ ಅವರು ಮುಚ್ಚಿಡಲಿಲ್ಲ.

ಮುಂದಿನ ಭೇಟಿಯಲ್ಲಿ ಎರಡೂ ಟೆಸ್ಟ್ ಮತ್ತೆ ಇವೆ. ಆಂಜಿಯೋಗ್ರಾಮಿಗೆ ಅಮ್ಮ ಈಗ ಖುಷಿಯಿಂದ ತಯಾರು. ಆದರೆ ಕತ್ತಲಲ್ಲಿ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತುವ ಫೀಲ್ಡ್ ಟೆಸ್ಟ್ ಬೇಡ, ಫೋಟೋ ಇದೆಯಲ್ಲ ಅಂತ ಡಾಕ್ಟರ್ ಹತ್ತಿರ ಚೌಕಾಸಿ ಮಾಡಿದಳು. "ನಿಮಗೆ ಎಷ್ಟು ಕಾಣುತ್ತೆ ಅಂತ ಫೋಟೋ ಹೇಳಲ್ಲ ಅಮ್ಮಾ," ಅಂತ ಅವರು ಒಪ್ಪಲಿಲ್ಲ.