ಕಮಿಷನ್ ಇಲ್ಲದೆ ಸಲಹೆ ಕೊಡೋರು ನಮ್ಮ ಕಡೆ ಅದಾರೇನ್ರಿ?

“ಬ್ಯಾಂಕಿನವ್ರು ಒಂದು ಹೇಳ್ತಾರ, ಏಜೆಂಟ್ ಇನ್ನೊಂದು ಹೇಳ್ತಾನ. ತನ್ನ ಲಾಭ ನೋಡ್ದೆ ನಮ್ಮ ರೊಕ್ಕಕ್ಕ ದಾರಿ ಹೇಳೋರು ಯಾರಾದ್ರೂ ಅದಾರೇನ್ರಿ?” ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು.

ಅದಾರ. ಆದರೆ ಅವರಿಗೆ ಫೀ ನೀವೇ ಕೊಡಬೇಕು. ಸಲಹೆ ಪುಕ್ಕಟೆ ಸಿಕ್ಕಿತೆಂದರೆ ಅದರ ಬೆಲೆ ನಿಮ್ಮ ಹೂಡಿಕೆಯೊಳಗಿಂದಲೇ ಹೋಗುತ್ತಿರುತ್ತದೆ.

ಎಲ್ಲಿ ಹೋಗುತ್ತದೆ ಎಂದು ಮನೆಯಲ್ಲೇ ನೋಡಬಹುದು. ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟ್ ತೆಗೆಯಿರಿ. ಸ್ಕೀಮಿನ ಹೆಸರಿನಲ್ಲಿ ‘ರೆಗ್ಯುಲರ್’ ಎಂದಿದ್ದರೆ ಮಾರಿದವರಿಗೆ ವರ್ಷವರ್ಷವೂ ಕಮಿಷನ್ ಹೋಗುತ್ತದೆ. ‘ಡೈರೆಕ್ಟ್’ ಎಂದಿದ್ದರೆ ಇಲ್ಲ. ಡೈರೆಕ್ಟ್ ಪ್ಲಾನ್‌ಗಳು 2013ರ ಜನವರಿಯಿಂದಲೇ ಇವೆ. ಆರು ತಿಂಗಳಿಗೊಮ್ಮೆ ಬರುವ ಒಟ್ಟು ಸ್ಟೇಟ್‌ಮೆಂಟಿನಲ್ಲಿ ವಿತರಕರಿಗೆ ಹೋದ ಕಮಿಷನ್ ಎಷ್ಟು ರೂಪಾಯಿ ಎಂದೂ ಬರೆದಿರುತ್ತದೆ, ಆದರೆ ಆ ಪುಟದವರೆಗೆ ಯಾರೂ ಹೋಗುವುದಿಲ್ಲ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಎಸ್‌ಐಪಿ (ಫಂಡಿಗೆ ಕಟ್ಟುವ ತಿಂಗಳ ಕಂತು) ಕಟ್ಟಿದಿರಿ ಎನ್ನೋಣ. ವರ್ಷಕ್ಕೆ ಶೇ. 12 ಬೆಳೆದರೆ ಸುಮಾರು 50 ಲಕ್ಷ, ಕಮಿಷನ್‌ಗೆ ಒಂದು ಪರ್ಸೆಂಟ್ ಹೋಗಿ ಶೇ. 11 ಬೆಳೆದರೆ 43.7 ಲಕ್ಷ. ಇಷ್ಟೇ ಬೆಳೆಯುತ್ತದೆ ಎಂಬ ಭರವಸೆ ಯಾರೂ ಕೊಡಲಾರರು, ಆದರೆ ಒಂದು ಪರ್ಸೆಂಟ್ ಎಷ್ಟು ತಿನ್ನುತ್ತದೆ ಎಂಬುದಕ್ಕೆ ಈ ಲೆಕ್ಕ ಸಾಕು.

ಇನ್ನು ವಿಮೆ. ‘ಉಳಿತಾಯವೂ ಆಯ್ತು, ವಿಮೆಯೂ ಆಯ್ತು’ ಎಂದು ಮಾರುವ ಪಾಲಿಸಿಗಳಲ್ಲಿ ಮೊದಲ ವರ್ಷದ ಕಮಿಷನ್ ದಪ್ಪಗಿರುತ್ತದೆ, ಒತ್ತಾಯವೂ ಅಷ್ಟೇ. ವರ್ಷಕ್ಕೆ 50,000ದಂತೆ 15 ವರ್ಷ ಕಟ್ಟಿ, 15ನೇ ವರ್ಷದ ಕೊನೆಗೆ 12 ಲಕ್ಷ ಬಂದರೆ ಏಳೂವರೆ ಲಕ್ಷಕ್ಕೆ ಹನ್ನೆರಡು ಲಕ್ಷ ಎಂದು ಖುಷಿಯಾಗುತ್ತದೆ. ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಶೇ. 6ಕ್ಕಿಂತ ಕಡಿಮೆ. ಸಹಿ ಹಾಕಿಬಿಟ್ಟಿದ್ದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು. ಸಣ್ಣಪುಟ್ಟ ಖರ್ಚು ಹಿಡಿದು ಉಳಿದದ್ದು ಮರಳುತ್ತದೆ.

ಫೀ ತಗೊಂಡು ಸಲಹೆ ಕೊಡುವವರು ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರರು. ಅವರ ನೋಂದಣಿ ಸಂಖ್ಯೆ ‘ಐಎನ್‌ಎ’ ಅಕ್ಷರಗಳಿಂದ ಶುರುವಾಗುತ್ತದೆ. ‘ಎಆರ್‌ಎನ್’ ಎಂದಿದ್ದರೆ ಅವರು ವಿತರಕರು, ಅಂದರೆ ಮಾರುವವರು. ಮಾರುವುದು ತಪ್ಪಲ್ಲ, ಫಾರ್ಮ್ ತುಂಬಿಸಿ ಕೆಲಸ ಮಾಡಿಕೊಡುವವರು ಕೆಲವರಿಗೆ ಬೇಕು. ಆದರೆ ಅದನ್ನು ನಿಷ್ಪಕ್ಷಪಾತ ಸಲಹೆ ಎಂದುಕೊಳ್ಳಬೇಡಿ. ಕಾರ್ಡಿನ ಮೇಲಿನ ಸಂಖ್ಯೆಯನ್ನೇ ನಂಬದೆ ಸೆಬಿ ಜಾಲತಾಣದ ಪಟ್ಟಿಯಲ್ಲಿ ಹುಡುಕಿ, ಹೆಸರು ಹೊಂದುತ್ತದೆಯೇ ನೋಡಿ. ಬೇರೆಯವರ ಸಂಖ್ಯೆ ಹಾಕಿಕೊಂಡು ಟೆಲಿಗ್ರಾಮ್‌ನಲ್ಲಿ ಟಿಪ್ಸ್ ಮಾರುವವರೂ ಇದ್ದಾರೆ. ಸಲಹೆಗಾರರು ಊರಲ್ಲೇ ಸಿಗಬೇಕೆಂದಿಲ್ಲ. ವಿಡಿಯೋ ಕಾಲ್‌ನಲ್ಲಿ ಕೆಲಸ ಮುಗಿಯುತ್ತದೆ.

ಮೊದಲ ಮಾತಿನಲ್ಲೇ ಕೇಳಬೇಕಾದ್ದು ಒಂದೇ: “ನಾನು ಕೊಡೋ ಫೀ ಬಿಟ್ಟು ನಿಮಗ, ನಿಮ್ಮ ಮನಿಯವರಿಗೆ, ಕಂಪನಿಗೆ ಬೇರೆ ಕಡೆಯಿಂದ ರೊಕ್ಕ ಬರ್ತದೇನ್ರಿ?” ಉತ್ತರ ಬರವಣಿಗೆಯಲ್ಲಿರಲಿ. ಲಿಖಿತ ಕರಾರು ಹೇಗೂ ಕಡ್ಡಾಯ. ಫೀ ನಗದಾಗಿ ಕೇಳಿದರೆ, ಇಲ್ಲವೇ “ರೊಕ್ಕ ನಮ್ಮ ಅಕೌಂಟಿಗೆ ಹಾಕ್ರಿ, ನಾವೇ ಹೂಡ್ತೀವಿ” ಎಂದರೆ ಎದ್ದು ಬನ್ನಿ. ನಿಗದಿತ ಫೀ ಪದ್ಧತಿಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿ ಮಿತಿ. ಅಷ್ಟು ಕೊಡಬೇಕೆಂದಲ್ಲ. ಐದು ಲಕ್ಷ ಹೂಡಿಕೆಯ ಮನೆ ವರ್ಷಕ್ಕೆ 20,000 ಫೀ ಕೊಟ್ಟರೆ ಅಲ್ಲಿಗೆ ಶೇ. 4 ಹೋಯಿತು, ಕಮಿಷನ್ನೇ ಅಗ್ಗ. ಅಂಥವರು ಒಂದೇ ಸಲದ ಪ್ಲಾನ್ ಮಾಡಿಸಿಕೊಳ್ಳಲಿ.

ನಮ್ಮ ಕಡೆಗೆ ಇನ್ನೊಂದು ಪರೀಕ್ಷೆ. ತೋರಣಗಲ್ಲಿನ ಕಾರ್ಖಾನೆಯಲ್ಲೋ ಹಟ್ಟಿಯ ಗಣಿಯಲ್ಲೋ ಸಂಬಳವಿರುವವರಿಗೆ ತಿಂಗಳ ಎಸ್‌ಐಪಿ ಸರಿ. ತುಂಗಭದ್ರಾ ಕಾಲುವೆ ಕೆಳಗೆ ಭತ್ತ ಬೆಳೆಯುವವರಿಗೆ ರೊಕ್ಕ ಬರುವುದು ಸುಗ್ಗಿಗೆ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಅದೂ ಒಮ್ಮೆಯೇ ಬರುತ್ತದೆ. ಇದನ್ನು ಕೇಳದೆ ತಿಂಗಳ ಕಂತು ಹೇಳಿದರೆ ನಡುವೆ ಕಂತು ತಪ್ಪಿ ಬ್ಯಾಂಕ್ ದಂಡ ಬೀಳುತ್ತದೆ. ಮುಂದಿನ ಬೆಳೆಯ ಬೀಜ, ಗೊಬ್ಬರ, ಕೂಲಿಯ ರೊಕ್ಕ ಬೇರೆ ತೆಗೆದಿಟ್ಟು, ಉಳಿದದ್ದನ್ನು ಲಿಕ್ವಿಡ್ ಫಂಡ್‌ಗೆ (ಅಲ್ಪಾವಧಿ ಸಾಲಪತ್ರಗಳ ಫಂಡ್) ಹಾಕಿ ಅಲ್ಲಿಂದ ತಿಂಗಳಿಗಿಷ್ಟು ಎಂದು ಈಕ್ವಿಟಿಗೆ, ಅಂದರೆ ಷೇರಿನ ಫಂಡ್‌ಗೆ, ದಾಟಿಸುವ ಪ್ಲಾನ್ ಕೊಟ್ಟವರು ಕೆಲಸ ಬಲ್ಲವರು.

ಇಷ್ಟು ಓದಿ ಹಳೆಯ ರೆಗ್ಯುಲರ್ ಫಂಡ್‌ಗಳನ್ನೆಲ್ಲ ಒಂದೇ ದಿನ ಡೈರೆಕ್ಟ್‌ಗೆ ಬದಲಿಸಲು ಹೊರಡಬೇಡಿ. ತೆರಿಗೆಯ ಕಣ್ಣಿಗೆ ಅದು ಮಾರಾಟ. ಈಕ್ವಿಟಿ ಫಂಡ್ ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ. 20 ತೆರಿಗೆ, ಬಹಳಷ್ಟು ಸ್ಕೀಮುಗಳಲ್ಲಿ ಎಕ್ಸಿಟ್ ಲೋಡ್ (ಬೇಗ ತೆಗೆದರೆ ಹಿಡಿಯುವ ಶುಲ್ಕ) ಕೂಡ. ವರ್ಷ ದಾಟಿದ್ದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ಶೇ. 12.5. ಹೊಸ ಕಂತುಗಳನ್ನು ಈಗಲೇ ಡೈರೆಕ್ಟ್‌ಗೆ ತಿರುಗಿಸಿ. ಹಳೆಯದನ್ನು ಮಾರ್ಚ್‌ನಲ್ಲಿ ಒಂದು ಪಾಲು, ಏಪ್ರಿಲ್‌ನಲ್ಲಿ ಇನ್ನೊಂದು ಪಾಲು ದಾಟಿಸಿದರೆ ಎರಡು ಹಣಕಾಸು ವರ್ಷದ 1.25 ಲಕ್ಷದ ವಿನಾಯಿತಿಯೂ ಸಿಗುತ್ತದೆ.