ವೈಟೊಮೊದ ಹಸಿದ ಹುಳುಗಳು

ಹ್ಯಾಮಿಲ್ಟನ್ನಿನ ನಮ್ಮ ಮನೆಯಿಂದ ಕಾರಿನಲ್ಲಿ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಹೋದರೆ ವೈಟೊಮೊ, ಬೆಳಗುವ ಹುಳುಗಳ ಗುಹೆಯಿರುವ ಊರು. ನಾಲ್ಕು ವರ್ಷದಿಂದ ನ್ಯೂಜಿಲೆಂಡಿನಲ್ಲಿದ್ದರೂ ಅತ್ತ ತಲೆ ಹಾಕಿರಲಿಲ್ಲ. ತೀರ್ಥಹಳ್ಳಿಯಿಂದ ಅಮ್ಮ ಬಂದ ಮೇಲೆಯೇ ಹೊರಟದ್ದು. "ಮಿಂಚುಹುಳು ನೋಡಲು ಇಷ್ಟು ದುಡ್ಡೇ? ಮಳೆ ಹಿಡಿಯುವ ಮೊದಲು ನಮ್ಮ ಹಿತ್ತಲಿಗೆ ಬಂದಿದ್ದರೆ ಸಾಕಿತ್ತು" ಎಂದು ಅಮ್ಮ ಗುಹೆಯ ಬಾಗಿಲವರೆಗೂ ಗೊಣಗುತ್ತಿದ್ದಳು.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ವೈ ಎಂದರೆ ನೀರು, ಟೊಮೊ ಎಂದರೆ ನೆಲದೊಳಗಿನ ಕುಳಿ. ಹೊಳೆಯೊಂದು ಸುಣ್ಣಕಲ್ಲಿನ ಗುಡ್ಡದೊಳಕ್ಕೇ ನುಗ್ಗಿ ಹರಿಯುತ್ತದೆ. 1887ರಲ್ಲಿ ಮಾವೊರಿ ಮುಖಂಡ ತಾನೆ ಟಿನೊರೌ ಮತ್ತು ಫ್ರೆಡ್ ಮೇಸ್ ಎಂಬ ಇಂಗ್ಲಿಷ್ ಮೋಜಣಿದಾರ ತೆಪ್ಪ ಕಟ್ಟಿಕೊಂಡು, ಮೇಣದಬತ್ತಿಯ ಬೆಳಕಿನಲ್ಲಿ ಒಳಹೊಕ್ಕರಂತೆ.

ನಮಗೆ ದೋಣಿ ಸಿಕ್ಕಿತು. ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ತಲೆಗಿಂತ ಮೇಲೆ ಅಡ್ಡಲಾಗಿ ಕಟ್ಟಿದ ಹಗ್ಗವನ್ನು ಗೈಡ್ ಕೈಯಿಂದ ಎಳೆಯುತ್ತಾ ಹೋದ. ಮಾತಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಕತ್ತಿಗೆ ಟಪ್ಪೆಂದು ಒಂದು ತಣ್ಣನೆಯ ಹನಿ ಬಿತ್ತು. ತಲೆಯೆತ್ತಿದರೆ ಚಾವಣಿಯ ತುಂಬ ನೀಲಿ ಹಸಿರು ಚುಕ್ಕೆಗಳು, ಕೆಳಗೆ ಕಪ್ಪು ನೀರಿನಲ್ಲಿ ಮತ್ತೊಮ್ಮೆ ಅವೇ. ಮಿಣುಕುವುದಿಲ್ಲ, ಉರಿದೇ ಇರುತ್ತವೆ. ಅಮ್ಮ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದೋಣಿ ಹತ್ತುವ ಮೊದಲೇ ಗೈಡ್ ಟಾರ್ಚ್ ಹಿಡಿದು ಇವುಗಳ ಸಂಸಾರ ತೋರಿಸಿದ್ದ. ಇವು ಮಿಂಚುಹುಳುಗಳಲ್ಲ, ಗುಂಗಾಡಿಯಂಥ ಒಂದು ಸಣ್ಣ ನೊಣದ ಮರಿಗಳು. ಮಾವೊರಿಗಳು ಟಿಟಿವೈ ಎನ್ನುತ್ತಾರೆ. ಒಂದೊಂದು ಮರಿಯೂ ಚಾವಣಿಯಿಂದ ಹತ್ತಾರು ರೇಷ್ಮೆ ಎಳೆಗಳನ್ನು ಇಳಿಬಿಡುತ್ತದೆ. ಎಳೆಯುದ್ದಕ್ಕೂ ಪೋಣಿಸಿದ ಹಾಗೆ ಅಂಟಿನ ಹನಿಗಳು. ಸೊಗಸಾದ ಮುತ್ತಿನ ತೋರಣ, ಬೊಂಬಾಟ್ ಬೋನು. ಹೊಳೆಯ ಜೊತೆ ಒಳಬಂದ ಹುಳುಹುಪ್ಪಟೆ ಬೆಳಕು ಕಂಡು ಮೇಲೆ ಹಾರಿ ಅಂಟಿಕೊಂಡಿತೋ, ಎಳೆಯನ್ನು ಬಾವಿಯ ಹಗ್ಗದಂತೆ ಮೇಲಕ್ಕೆಳೆದು ತಿನ್ನುವುದೇ. ಹಸಿವು ಹೆಚ್ಚಿದಷ್ಟೂ ಬೆಳಕು ಜೋರಂತೆ! ನಮ್ಮ ಹಿತ್ತಲಿನ ಮಿಂಚುಹುಳು ಮಿಣುಕಿ ಜೋಡಿಯನ್ನು ಕರೆಯುತ್ತದೆ, ಇದು ಊಟವನ್ನೇ ಕರೆಯುತ್ತದೆ.

ಹೀಗೆ ಸುಮಾರು ಒಂಬತ್ತು ತಿಂಗಳು ತಿಂದು, ಕೋಶ ಕಟ್ಟಿ, ಕೊನೆಗೆ ರೆಕ್ಕೆ ಬಂದಾಗ ಅದಕ್ಕೆ ತಿನ್ನಲು ಬಾಯಿಯೇ ಇರುವುದಿಲ್ಲ. ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ.

ರಾತ್ರಿ ಊರಿನಿಂದ ಚಿಕ್ಕಮ್ಮನ ವಿಡಿಯೊ ಕರೆ ಬಂತು. ಫೋಟೋ ಎಲ್ಲಿ ಎಂದು ಕೇಳಿದಳು. "ತೆಗೆಯಲು ಬಿಡುವುದಿಲ್ಲ ಕಣೇ" ಎಂದ ಅಮ್ಮ ನಕ್ಷತ್ರದಂಥ ಚಾವಣಿಯನ್ನು ಪಕ್ಕಕ್ಕಿಟ್ಟು, ಆ ಬಾಯಿಲ್ಲದ ನೊಣದ ಕಥೆಯನ್ನೇ ಮೊದಲು ಶುರುಮಾಡಿದಳು.