ಚಿನ್ನು ಫೋನ್ ಮಾಡಿದ್ದಳು

ಅಕ್ಟೋಬರ್ 24, 2024, ಗುರುವಾರ
ಮೈಸೂರು

ಸಂಜೆ ಚಿನ್ನು ಫೋನ್ ಮಾಡಿದ್ದಳು. ಚಿಕ್ಕಮ್ಮನ ಮಗಳು, ಹುಡುಗನಾಗಿ ಬೆಳೆದು ಈಗ ಹೆಣ್ಣಾಗಿ ಬಾಳುತ್ತಿರುವವಳು. ಮೆಸೇಜ್ ಅಲ್ಲ, ಫೋನು. ನಾವಿಬ್ಬರೂ ತೊದಲುವವರು, ನಮ್ಮನ್ನು ಬಲ್ಲವರಿಗೆ ಇದೇ ಒಂದು ಸುದ್ದಿ. ಎದುರಿಗಿದ್ದರೆ ಮಾತು ಸಿಕ್ಕಿಕೊಂಡಿದೆ ಅಂತ ಮುಖ ನೋಡಿದವರಿಗೆ ಗೊತ್ತಾಗುತ್ತದೆ. ಫೋನಿನಲ್ಲಿ ನಾವು ನಿಂತರೆ ಆ ಕಡೆಯವರು ‘ಹಲೋ, ಹಲೋ, ಕೇಳಿಸ್ತಿಲ್ಲ’ ಅಂತ ಇಟ್ಟೇಬಿಡುತ್ತಾರೆ.

ಮೊದಲು ಮಳೆ ವಿಷಯ. ಯಲಹಂಕದ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಅವಳಿಗೆ ಮೆಸೇಜ್ ಹಾಕುತ್ತಲೇ ಇದ್ದೆ. ‘ನಮ್ ಕಡೆ ಏನೂ ಆಗಿಲ್ಲ ಅಕ್ಕಾ, ಬಟ್ಟೆ ಒಣಗ್ತಿಲ್ಲ ಅಷ್ಟೆ’ ಅಂದಳು. ಆಮೇಲೆ ಪಿಜಿ ಊಟ, ಟೀಮಿಗೆ ಹೊಸದಾಗಿ ಬಂದ ಮ್ಯಾನೇಜರು, ಮೆಟ್ರೋದಲ್ಲಿ ಲೇಡೀಸ್ ಕೋಚಿಗೆ ಹತ್ತುವಾಗ ಈಗಲೂ ಆಗುವ ಪುಕಪುಕ. ಮಾತಾಡುತ್ತಲೇ ಹೋದಳು. ‘ಪ’ ಬಂದರೂ ನಿಲ್ಲಲಿಲ್ಲ, ‘ಬ’ ಬಂದರೂ ನಿಲ್ಲಲಿಲ್ಲ. ಅವಳು ಏನು ಹೇಳುತ್ತಿದ್ದಾಳೆ ಅನ್ನುವುದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

‘ಗೊತ್ತಾಯ್ತಾ ಅಕ್ಕಾ?’ ಅಂದಳು.

‘ಗೊತ್ತಾಯ್ತು ಕಣೇ.’

‘ಈ ಹೊಸ ದನೀಲಿ ತೊದಲು ಬರಲ್ಲ. ಹಳೇ ದನೀಲಿ ಮಾತ್ರ ಬರೋದು. ಅಂದ್ರೆ ತೊದಲ್ತಿದ್ದಿದ್ದು ನಾನಲ್ಲ. ಅವನು.’

ನನಗೆ ಖುಷಿಯಾಯಿತು. ಹೊಟ್ಟೆಕಿಚ್ಚೂ ಆಯಿತು. ಅದನ್ನು ಯಾಕೆ ಮುಚ್ಚಿಡಲಿ? ಹುಟ್ಟಿದಾಗಿನಿಂದ ಹೆಣ್ಣಾಗಿಯೇ ಇದ್ದು ಹೆಣ್ಣುದನಿಯಲ್ಲೇ ತೊದಲಿದವಳು ನಾನು. ನನಗೆ ಬದಲಾಯಿಸಿಕೊಳ್ಳಲು ಇನ್ನೊಂದು ದನಿ ಎಲ್ಲಿದೆ?

ಖುಷಿಯ ಹಿಂದೆಯೇ ಭಯ ಬಂತು. ಯಾಕೆಂದರೆ ಇದು ನನಗೆ ಗೊತ್ತಿರುವ ಆಟ. ಹಾಡಿದರೆ ತೊದಲಲ್ಲ. ನಾಲ್ಕು ಜನರ ಜೊತೆ ಒಟ್ಟಿಗೆ ಓದಿದರೆ ತೊದಲಲ್ಲ. ನಾಯಿ ಜೊತೆ, ಕೂಸಿನ ಜೊತೆ ಮಾತಾಡಿದರೆ ತೊದಲಲ್ಲ. ಬೇರೆಯವರ ಅಣಕು ಮಾಡಿದರೂ ಇಲ್ಲ. ರೂಢಿಯ ಮಾತಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋದರೆ ಸ್ವಲ್ಪ ಕಾಲ ತೊದಲು ಹಿಂದೆ ಬೀಳುತ್ತದೆ. ಹೊಸ ದಾರಿ ಹಳೆಯದಾದ ಮೇಲೆ ಎಷ್ಟೋ ಜನಕ್ಕೆ ಅದು ವಾಪಸ್ ಬರುತ್ತದೆ.

ನಮ್ಮ ಅಜ್ಜನ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹೊಲದಲ್ಲಿ ಆಳನ್ನು ಕರೆಯಲು ಒದ್ದಾಡುತ್ತಿದ್ದ ಮನುಷ್ಯ ಊರ ನಾಟಕದಲ್ಲಿ ದ್ರೌಪದಿ ಪಾತ್ರ ಹಾಕಿ, ವಸ್ತ್ರಾಪಹರಣದಲ್ಲಿ ಅರ್ಧ ಗಂಟೆ ಮಾತಾಡಿ ಇಡೀ ಊರನ್ನು ಅಳಿಸುತ್ತಿದ್ದರಂತೆ. ‘ನಿಮ್ಮಜ್ಜ ಸೀರೆ ಉಟ್ಟರೆ ತೊದಲ್ತಿರ್ಲಿಲ್ಲ’ ಅಂತ ಅಜ್ಜಿಯೇ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಫೋಟೋ ಹುಣಸೂರಿನ ಮನೆಯ ಹಜಾರದಲ್ಲಿ ಇವತ್ತಿಗೂ ಇದೆ. ಅದೇ ಹಜಾರದಲ್ಲಿ ಕೂತು ನಮ್ಮ ಬಂಧುಗಳು ಚಿನ್ನು ವಿಷಯ ಬಂದ ಕೂಡಲೇ ಕಾಫಿಗೆ ಸಕ್ಕರೆ ಸಾಕಾ ಅಂತ ಕೇಳುತ್ತಾರೆ.

ಆದರೆ ಒಂದು ವರ್ಷ ಅಜ್ಜ ಭೀಮನ ಪಾತ್ರವನ್ನೂ ಹಾಕಿದ್ದರು. ಗದೆ ಹೊತ್ತಾಗಲೂ ತೊದಲಿರಲಿಲ್ಲವಂತೆ. ಹಾಗಾಗಿ ಸೀರೆಯ ಮಹಿಮೆ ಅಂತ ನಾನು ಒಪ್ಪುವುದಿಲ್ಲ.

ಇದನ್ನು ಚಿನ್ನುಗೆ ಹೇಗೆ ಹೇಳಲಿ? ಅಜ್ಜನದು ಪಾತ್ರ, ಬೆಳಗಾದರೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಿದ್ದರು. ಅವಳದು ಪಾತ್ರ ಅಲ್ಲ. ಇಷ್ಟು ವರ್ಷ ಹಾಕಿದ್ದ ಪಾತ್ರವನ್ನು ಬಿಟ್ಟು ಈಗ ಮನೆಗೆ ಬಂದಿದ್ದಾಳೆ. ಹಾಗಿದ್ದರೆ ಈ ದನಿ ಪೂರ್ತಿ ಅವಳದೇ ಆದ ಮೇಲೆ ತೊದಲು ಅಲ್ಲಿಗೂ ಬರಬಹುದಲ್ವಾ? ಬಂದರೆ ಅವಳು ಏನಂದುಕೊಳ್ಳುತ್ತಾಳೆ? ‘ಅವನು’ ವಾಪಸ್ ಬಂದ ಅಂತಲಾ?

ಇನ್ನೊಂದು ಕಾರಣವೂ ನನ್ನ ತಲೆಯಲ್ಲಿದೆ. ಹಾರ್ಮೋನ್ ಮಾತ್ರೆಯಿಂದ ದನಿ ತೆಳ್ಳಗಾಗುವುದಿಲ್ಲ. ಹರೆಯದಲ್ಲಿ ಒಮ್ಮೆ ದಪ್ಪವಾದ ಧ್ವನಿತಂತು ಎಸ್ಟ್ರೊಜನ್ ತಗೊಂಡ ಮಾತ್ರಕ್ಕೆ ಹಿಂದಕ್ಕೆ ಹೋಗಲ್ಲ. ಚಿನ್ನು ದನಿ ಬಂದಿರುವುದು ಅಭ್ಯಾಸದಿಂದ. ಬೆಂಗಳೂರಿನಲ್ಲಿ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುತ್ತಾಳೆ. ಅವರು ಹೇಳಿಕೊಡುವುದು: ಗಂಟಲು ಬಿಗಿಯಬೇಡ, ಉಸಿರು ಬಿಡುತ್ತಾ ಮೆತ್ತಗೆ ಶುರು ಮಾಡು, ದನಿಯನ್ನು ಬಾಯಿಯ ಮುಂದಕ್ಕೆ ತಾ. ಇದನ್ನು ಕೇಳಿದಾಗ ನನಗೆ ನಗು ಬಂದಿತ್ತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ (1965ರಿಂದ ಇದೆ, ಮೈಸೂರಿನಲ್ಲಿ ಮಾತು ಸಿಕ್ಕಿಕೊಂಡವರೆಲ್ಲ ಒಂದಲ್ಲ ಒಂದು ದಿನ ಅಲ್ಲಿ ಬೆಂಚಿನ ಮೇಲೆ ಕೂತಿರುತ್ತಾರೆ) ನಮ್ಮಿಬ್ಬರಿಗೂ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು ಹೆಚ್ಚು ಕಡಿಮೆ ಇದೇ. ಉಸಿರು ಬಿಡ್ತಾ ಶುರು ಮಾಡು. ಮೊದಲ ಅಕ್ಷರ ಎಳಿ. ಆಗ ಚಿನ್ನು ಮಾಡುತ್ತಿರಲಿಲ್ಲ. ‘ಹಿಂಗೆ ಮಾತಾಡಿದ್ರೆ ಹುಡುಗ್ರು ಹೆಣ್ಣಿಗ ಅಂತಾರೆ’ ಅಂತ ಅಳುತ್ತಿದ್ದಳು. ಮರ್ಲಿನ್ ಮನ್ರೋ ಕೂಡ ಚಿಕ್ಕಂದಿನಲ್ಲಿ ತೊದಲುತ್ತಿದ್ದೆ ಅಂತ ಹೇಳಿಕೊಂಡಿದ್ದಳು. ಜಗತ್ತೇ ಮರುಳಾದ ಆ ಉಸಿರು ಬೆರೆತ ದನಿಗೂ ತೊದಲಿಗೂ ನಂಟಿದೆ ಅನ್ನುವವರಿದ್ದಾರೆ.

ಮಾವನ ಹೆಂಡತಿಯದು ಬೇರೆ ಸಿದ್ಧಾಂತ. ತೊದಲಿದ್ದಕ್ಕೆ ಹುಡುಗರ ಜೊತೆ ಸೇರಲಿಲ್ಲ, ಹೆಣ್ಣುಮಕ್ಕಳ ಜೊತೆ ಅಡುಗೆಮನೆಯಲ್ಲೇ ಬೆಳೆದ, ಅದಕ್ಕೇ ‘ಹಿಂಗಾಯ್ತು’. ಚಿನ್ನು ಹೇಳುವುದು ಇದರ ತಲೆಕೆಳಗು. ಒಳಗಿದ್ದವಳನ್ನು ಅದುಮಿಟ್ಟಿದ್ದಕ್ಕೆ ತೊದಲು ಬಂತು. ಅತ್ತೆ ಮಾತಿಗೆ ಸಿಟ್ಟು ಬರುತ್ತದೆ, ಚಿನ್ನು ಮಾತಿಗೆ ಕರುಳು ಚುರುಕ್ ಅನ್ನುತ್ತದೆ. ಎರಡೂ ನಿಜ ಅಲ್ಲ ಅಂತಲೇ ನನಗನ್ನಿಸುವುದು. ಹಿಂದೆ ಎಡಗೈಯವರ ಬಗ್ಗೆಯೂ ಹೀಗೇ ಹೇಳುತ್ತಿದ್ದರು. ಒತ್ತಾಯ ಮಾಡಿ ಬಲಗೈಯಲ್ಲಿ ಬರೆಸಿದರೆ ಮಕ್ಕಳು ತೊದಲುತ್ತಾರೆ ಅಂತ. ಇಂಗ್ಲೆಂಡಿನ ಆರನೇ ಜಾರ್ಜ್ ದೊರೆಯನ್ನೇ ಸಾಕ್ಷಿಗೆ ಎಳೆಯುತ್ತಿದ್ದರು. ಅಮೆರಿಕದ ಅಯೋವಾದಲ್ಲಿ ಆರ್ಟನ್, ಟ್ರಾವಿಸ್ ಅನ್ನುವ ದೊಡ್ಡ ವಿದ್ವಾಂಸರೇ 1920-30ರ ದಶಕದಲ್ಲಿ ಆ ದಿಕ್ಕಿನಲ್ಲಿ ವಾದ ಮಾಡಿದ್ದರು. ಆಮೇಲಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಒತ್ತಾಯ ಕೆಟ್ಟದ್ದು ಅನ್ನುವುದಕ್ಕೆ ತೊದಲಿನ ಸಾಕ್ಷಿ ಯಾಕೆ ಬೇಕು? ಅದು ಹಾಗೇ ಕೆಟ್ಟದ್ದು.

ಅಜ್ಜ, ಮಾವ, ನಾನು, ಚಿನ್ನು. ಒಂದೇ ಮನೆಯಲ್ಲಿ ಇಷ್ಟು ಜನ. ಇದು ರಕ್ತದಲ್ಲಿ ಬಂದಿದ್ದು. 2010ರಲ್ಲಿ ಅಮೆರಿಕದ ವಿಜ್ಞಾನಿ ಡೆನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ ಕುಟುಂಬಗಳನ್ನು ನೋಡಿ ಕೆಲವರ ತೊದಲಿಗೆ ಕಾರಣವಾದ ಜೀನ್‌ಗಳನ್ನೇ ಗುರುತಿಸಿತು. ನಮ್ಮ ಅಜ್ಜಿ ಮಾತ್ರ ಬಜೆ ತೇಯ್ದು ನಮ್ಮಿಬ್ಬರ ನಾಲಿಗೆಗೂ ತಿಕ್ಕಿದ್ದೇ ತಿಕ್ಕಿದ್ದು. ಆ ಕಹಿ ನೆನೆಸಿಕೊಂಡರೆ ಈಗಲೂ ಬಾಯಿ ಒಂಥರಾ ಆಗುತ್ತದೆ.

ಹಾಗಂತ ತೊದಲಿಗೂ ಗಂಡು-ಹೆಣ್ಣಿಗೂ ಸಂಬಂಧವೇ ಇಲ್ಲ ಅಂತಲ್ಲ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಷ್ಟು ತೊದಲುತ್ತಾರೆ. ಅವರಲ್ಲಿ ಗಂಡಸರು ಹೆಂಗಸರ ಸುಮಾರು ನಾಲ್ಕು ಪಟ್ಟು. ಎರಡು-ಮೂರು ವರ್ಷಕ್ಕೆ ಶುರುವಾಗುವಾಗ ಮಾತ್ರ ಇಷ್ಟು ಅಂತರ ಇರುವುದಿಲ್ಲ. ಹುಡುಗಿಯರಲ್ಲಿ ಜಾಸ್ತಿ ಜನಕ್ಕೆ ತಾನಾಗೇ ಹೋಗಿಬಿಡುತ್ತದೆ. ಹೋಗದೆ ಉಳಿದವರು ನನ್ನಂಥವರು. ನನ್ನಂಥವರನ್ನು ಯಾರಾದರೂ ಲೆಕ್ಕಕ್ಕೆ ತಗೊಂಡಿದ್ದಾರಾ ಅಂತ ಒಮ್ಮೊಮ್ಮೆ ಅನುಮಾನ ಬರುತ್ತದೆ. ಯಾಕೆಂದರೆ ನಾವು ಬಾಯಿಯೇ ಬಿಡುವುದಿಲ್ಲ. ನನ್ನನ್ನು ನೋಡಲು ಬಂದ ದಿನ ಏನು ಓದಿದ್ದೀಯಮ್ಮ ಅಂತ ಕೇಳಿದ್ದಕ್ಕೆ ತಲೆ ತಗ್ಗಿಸಿ ಕೂತೆ. ‘ಹುಡುಗಿಗೆ ಬಹಳ ನಾಚಿಕೆ’ ಅಂತ ನಮ್ಮತ್ತೆ ಮೆಚ್ಚಿಕೊಂಡರು. ನಾಚಿಕೆಯೂ ಇಲ್ಲ, ಏನೂ ಇಲ್ಲ. ‘ಬಿ.ಕಾಂ’ನ ‘ಬಿ’ ಸಿಕ್ಕಿಕೊಂಡಿತ್ತು.

ಅದೇ ತೊದಲು ಚಿನ್ನು ಬಾಯಲ್ಲಿ ಬಂದರೆ? ‘ಗಂಡಸಾಗಿ ಒಂದು ಮಾತು ನೆಟ್ಟಗೆ ಹೇಳಕ್ಕಾಗಲ್ವಾ?’ ಮೇಷ್ಟ್ರು ಹೇಳಿದರು, ಚಿಕ್ಕಪ್ಪ ಹೇಳಿದರು, ಅಂಗಡಿ ಮುಂದೆ ಕೂರುವವರೂ ಹೇಳಿದರು. ನನಗೆ ಸಂಬಂಧ ತಂದುಕೊಟ್ಟ ಮೌನಕ್ಕೆ ಅವಳಿಗೆ ಬೆನ್ನ ಮೇಲೆ ಏಟು ಬಿತ್ತು. ಯಾವುದು ಒಳ್ಳೆಯದು ಅಂತ ಹೇಳಲಾರೆ. ನನ್ನದನ್ನು ಯಾರೂ ಬಯ್ಯಲಿಲ್ಲ. ಯಾರೂ ಕಾಯಲೂ ಇಲ್ಲ. ನನ್ನ ಮಾತನ್ನು ಇವರೇ ಮುಗಿಸಿಕೊಟ್ಟು ಮುಗಿಸಿಕೊಟ್ಟು ಈಗ ಅಂಗಡಿಯವನು ನನ್ನನ್ನು ಕೇಳುವುದೇ ಬಿಟ್ಟಿದ್ದಾನೆ.

ಇವರಿಗೆ ಇದನ್ನು ಓದಲು ಕೊಡುವುದಿಲ್ಲ. ಕೊಟ್ಟರೂ ಏನೂ ಅನ್ನಲ್ಲ, ಪಾಪ.

ಎಲ್ಲಿದ್ದೆ? ಹಾಂ, ಫೋನು. ಹೇಳಲೋ ಬೇಡವೋ ಅಂತ ನಾನು ಲೆಕ್ಕ ಹಾಕುತ್ತಿರುವಾಗಲೇ ಅವಳು ಸುಮ್ಮನಾದಳು. ಆಮೇಲೆ, ‘ಆದ್ರೆ ಬ್ಯಾಂಕಲ್ಲಿ ಬಂತು ಅಕ್ಕಾ’ ಅಂದಳು.

ಫೋನ್ ಮಾಡಿದ್ದೇ ಅದಕ್ಕೆ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಗುರುತಿನ ಚೀಟಿ ಅವಳಿಗೆ ಬಂದಿದೆ. ಅದನ್ನು ಹಿಡಿದುಕೊಂಡು ಖಾತೆಯಲ್ಲಿ ಹೆಸರು ಬದಲಾಯಿಸಲು ಹೋಗಿದ್ದಾಳೆ. ಕೌಂಟರಿನಲ್ಲಿದ್ದವರು ಹೆಸರು ಕೇಳಿದ್ದಾರೆ. ಅವಳ ಹೊಸ ಹೆಸರು ‘ಬ’ದಿಂದ ಶುರು. (ಹೆಸರು ಇಲ್ಲಿ ಬರೆಯುವುದಿಲ್ಲ. ಅವಳೇ ಹೇಳಲಿ.) ತುಟಿ ಅಂಟಿಕೊಂಡಿತು. ಬಿಡಿಸಿಕೊಳ್ಳಲಿಲ್ಲ. ಆ ಮನುಷ್ಯ ಚೀಟಿ ನೋಡಿದ, ಇವಳನ್ನು ನೋಡಿದ, ಮತ್ತೆ ಚೀಟಿ ನೋಡಿದ.

‘ನಿಮ್ಮ ಹೆಸರು ನಿಮಗೇ ಜ್ಞಾಪಕ ಇಲ್ವಾ?’

ಹಿಂದೆ ಸಾಲಿನಲ್ಲಿದ್ದವರು ನಕ್ಕರಂತೆ. ಮೊದಲಾಗಿದ್ದರೆ, ಅಂದರೆ ಹುಡುಗನ ಬಟ್ಟೆಯಲ್ಲಿ ಹೋಗಿ ಹಳೇ ಹೆಸರು ಹೇಳಲು ಒದ್ದಾಡಿದ್ದರೆ, ಪಾಪ ಉಗ್ಗು ಅಂತ ಕನಿಕರ ಪಡುತ್ತಿದ್ದರು. ಈಗ ಸುಳ್ಳು ಹೇಳುತ್ತಿದ್ದಾಳೆ ಅಂತ ಅನುಮಾನ. ಯಾವ ತೊದಲುವವರನ್ನು ಬೇಕಾದರೂ ಕೇಳಿ, ಎಲ್ಲಕ್ಕಿಂತ ಜಾಸ್ತಿ ಸಿಕ್ಕಿಕೊಳ್ಳುವುದು ಸ್ವಂತ ಹೆಸರೇ. ಬೇರೆ ಪದ ಕಷ್ಟವಾದರೆ ಬದಲಿ ಪದ ಹಾಕುತ್ತೇವೆ. ಹೆಸರಿಗೆ ಬದಲಿ ಎಲ್ಲಿಂದ ತರುವುದು?

‘ಅಲ್ಲಾ ಕಣೇ, ನೀನೇ ಆರಿಸ್ಕೊಂಡಿರೋ ಹೆಸರು. ಅ, ಉ, ಏನಾದ್ರೂ ಇಟ್ಕೋಬಾರದಿತ್ತಾ? ಯಾಕೆ ಹೋಗಿ ಹೋಗಿ ಬ?’

‘ಇಷ್ಟ ಆಯ್ತು.’

‘ಹೇಳಕ್ಕೇ ಆಗದೇ ಇರೋದು?’

‘ಸುಲಭ ಅಂತ ಹೆಸರು ಇಟ್ಕೊಳಕ್ಕೆ ನಾನೇನು ನೀನಾ? ನೀನು ಹೋಟೆಲಲ್ಲಿ ಟೋಕನ್ ತಗೊಳ್ವಾಗ ಉಮಾ ಅಂತೀಯಲ್ಲ. ಕೊರಿಯರ್‌ನವನಿಗೂ ಉಮಾ. ಇಷ್ಟು ವರ್ಷದಿಂದ ಚೀಟಿ ಇಲ್ದೇ ಹೆಸರು ಬದಲಾಯಿಸ್ಕೊಂಡು ಓಡಾಡ್ತಿರೋಳು ನೀನು.’

ಇಬ್ಬರೂ ಬಹಳ ಹೊತ್ತು ನಕ್ಕೆವು. ನಗುವಾಗ ಅವಳ ಹಳೇ ದನಿ ಒಂದು ಕ್ಷಣ ಬಂದು ಹೋಯಿತು. ಅವಳಿಗೂ ಗೊತ್ತಾಯಿತು. ಕೆಮ್ಮಿ ಸರಿಮಾಡಿಕೊಂಡಳು.

ಆಮೇಲೆ ದೀಪಾವಳಿ ಮಾತು ಬಂತು. ಊರಿಗೆ ಬರುತ್ತಾಳಂತೆ, ಚೂಡಿದಾರದಲ್ಲೇ. ಚಿಕ್ಕಮ್ಮ ಇತ್ತೀಚೆಗೆ ಅವಳ ಜೊತೆ ‘ಬಾರೋ’ ಅನ್ನದೆ ‘ಬಾರೇ’ನೂ ಅನ್ನದೆ, ‘ಚಿನ್ನು, ಊಟ ಆಯ್ತಾ’ ಅಂತಷ್ಟೇ ಮಾತು ಸಾಗಿಸುತ್ತಿದ್ದಾರೆ. ಬರಲಿ ಅಂದಿದ್ದಾರಂತೆ. ಒಂದೇ ಷರತ್ತು: ‘ಬಂದವ್ರ ಮುಂದೆ ಜಾಸ್ತಿ ಮಾತಾಡೋದ್ ಬೇಡ.’

ಇದನ್ನು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ಮಾತನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ಆಗ ತೊದಲಿಗೆ ಹೇಳುತ್ತಿದ್ದರು, ಈಗ ದನಿಗೆ. ಮೂರನೇ ಸಲ ಇನ್ಯಾವುದಕ್ಕೆ ಹೇಳುತ್ತಾರೋ.

ಚಿಕ್ಕಪ್ಪನ ಮುಂದೆ ಯಾವ ದನಿಯಲ್ಲಿ ಮಾತಾಡುತ್ತೀಯ ಅಂತ ಕೇಳಿದೆ. ‘ಬಂದ ದನೀಲಿ’ ಅಂದಳು. ‘ತೊದಲಿದ್ರೆ?’ ಅಂದೆ. ‘ತೊದಲಿದ್ರೆ ತೊದಲ್ತೀನಿ. ಅಲ್ಲಿವರ್ಗೂ ಕಾಯ್ಲಿ.’ ಎಷ್ಟು ಧೈರ್ಯ. ಮರುಕ್ಷಣವೇ, ‘ಅಕ್ಕಾ, ನೀನೂ ಇರ್ತೀಯಲ್ವಾ?’ ಅಂದಳು. ‘ಇರ್ತೀಯ’ದ ‘ಇ’ ಮೇಲೆ ಸ್ವಲ್ಪ ನಿಂತಳು. ‘ಇ’ ಅವಳಿಗೆ ಯಾವತ್ತೂ ಕಷ್ಟ ಕೊಟ್ಟ ಅಕ್ಷರ ಅಲ್ಲ.

ಹಬ್ಬಕ್ಕೆ ಮೊದಲು ಯಾರಾದರೂ ಹೋಗಿ ಚಿಕ್ಕಪ್ಪನ ಹತ್ತಿರ ಮಾತಾಡಬೇಕು. ಆ ಯಾರಾದರೂ ನಾನೇ, ಬೇರೆ ಯಾರಿದ್ದಾರೆ? ಶನಿವಾರ ರಜೆ. ಹೊಗೆಸೊಪ್ಪಿಗೆ ರೇಟು ಚೆನ್ನಾಗಿ ಸಿಕ್ಕಿದ್ದರೆ ಅವರ ಮನಸ್ಸೂ ನೆಟ್ಟಗಿರುತ್ತದೆ. ಮೊದಲು ಅವಳ ಹೆಸರು ಹೇಳಲೋ, ಇಲ್ಲಾ ಬರ್ತಾಳೆ ಅಂತಷ್ಟೇ ಹೇಳಿ ಬರಲೋ. ಹೆಸರು ಹೇಳಲು ಹೋಗಿ ನನಗೇ ‘ಬ’ ಸಿಕ್ಕಿಕೊಂಡರೆ ಚಿಕ್ಕಪ್ಪ ಕಾಯುವವರಲ್ಲ, ಬೇರೆ ಏನೋ ಹೆಸರು ಅವರೇ ಸೇರಿಸಿಬಿಡುತ್ತಾರೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ? ಆದರೆ ಚಿಕ್ಕಪ್ಪನ ಕನ್ನಡಕ ಒಡೆದಿದೆ ಅಂತ ಚಿಕ್ಕಮ್ಮ ಹೇಳಿದ ಹಾಗಿತ್ತು. ಚಿಕ್ಕಮ್ಮನೇ ಓದಿ ಹೇಳಬೇಕಾಗುತ್ತೆ, ಜೋರಾಗಿ, ಅವರ ಬಾಯಿಂದಲೇ. ಹಾಗಾದರೆ